12 ವೋಲ್ಟಿನ ಆಂಪ್ಲಿಫೈಯರಿಗೆ 10 ಆಂಪ್ ಸಪ್ಲೈ ಹಾಕಿದರೆ ಬೋರ್ಡ್ ಸುಟ್ಟುಹೋಗುತ್ತಾ?

ಪ್ರಶ್ನೆ: "ಸರ್, ಹೊಸದಾಗಿ ಆಂಪ್ಲಿಫೈಯರ್ ಬೋರ್ಡ್ ತಂದಿದ್ದೇನೆ. 12 ವೋಲ್ಟ್ 3 ಆಂಪ್ ಸಾಕು ಅಂತ ಅಂಗಡಿಯವರು ಹೇಳಿದರು. ನನ್ನ ಹತ್ತಿರ ಇರೋದು 12 ವೋಲ್ಟ್ 10 ಆಂಪಿನ ಎಸ್‌ಎಂಪಿಎಸ್. ಹಾಕಿದರೆ ಬೋರ್ಡ್ ಸುಟ್ಟುಹೋಗುತ್ತಾ? ಕನೆಕ್ಷನ್ ಹೇಗೆ ಕೊಡಬೇಕು?"

ಸುಡುವುದಿಲ್ಲ. ಧೈರ್ಯವಾಗಿ ಹಾಕಿ.

ಈ ಒಂದು ಸಾಲನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಗಣಪತಿ ಹಬ್ಬ ಹತ್ತಿರ ಬಂದ ಹಾಗೆ ಇದೇ ಪ್ರಶ್ನೆ ಸಾಗರದಿಂದ ಬರುತ್ತದೆ, ತೀರ್ಥಹಳ್ಳಿಯಿಂದ ಬರುತ್ತದೆ, ಶಿವಮೊಗ್ಗ ಪೇಟೆಯಿಂದಲೂ ಬರುತ್ತದೆ. "ಸುಡಲ್ಲ" ಅಂತ ಹೇಳಿದರೂ ನಂಬುವುದಿಲ್ಲ. ವಾರ ಬಿಟ್ಟು "ಆದರೂ ಸರ್, ಆಂಪ್ ಜಾಸ್ತಿ ಆಯ್ತಲ್ವಾ?" ಅಂತ ಮತ್ತೆ ಕೇಳುತ್ತಾರೆ. ಹಾಗಾಗಿ ಈ ಸಲ ಪೂರ್ತಿ ಬಿಡಿಸಿ ಬರೆಯುತ್ತೇನೆ.

ಎಸ್‌ಎಂಪಿಎಸ್ ಅಂದರೆ ಮನೆಯ ಎಸಿ ಕರೆಂಟನ್ನು ಸ್ಥಿರವಾದ ಡಿಸಿ ಮಾಡಿಕೊಡುವ ಎಲೆಕ್ಟ್ರಾನಿಕ್ ಸಪ್ಲೈ. ಸಪ್ಲೈ ಮೇಲೆ ಎರಡು ಅಂಕಿ ಇರುತ್ತವೆ. ಎರಡರ ಅರ್ಥವೂ ಬೇರೆ ಬೇರೆ. ವೋಲ್ಟ್ ಅನ್ನುವುದನ್ನು ಸಪ್ಲೈ ಕೊಡುತ್ತದೆ, ನೀವು ಕೇಳಿ ಬಿಡಿ, 12 ಅಂದರೆ 12 ಅಲ್ಲಿ ಇದ್ದೇ ಇರುತ್ತದೆ. ಆಂಪ್ ಅನ್ನುವುದನ್ನು ಬೋರ್ಡ್ ಎಳೆದುಕೊಳ್ಳುತ್ತದೆ. ಲೇಬಲ್ ಮೇಲೆ 10 ಆಂಪ್ ಅಂತ ಬರೆದಿದ್ದರೆ "10ರವರೆಗೆ ಕೇಳಿದರೆ ಕೊಡಬಲ್ಲೆ" ಅಂತ ಅರ್ಥವೇ ಹೊರತು "10 ಆಂಪನ್ನು ತಳ್ಳಿಯೇ ತೀರುತ್ತೇನೆ" ಅಂತಲ್ಲ. ಓಮ್‌ನ ನಿಯಮವನ್ನು ಹೈಸ್ಕೂಲಿನಲ್ಲಿ ಎಲ್ಲರೂ ಬಾಯಿಪಾಠ ಮಾಡಿದ್ದೇವೆ. ವೋಲ್ಟನ್ನು ಓಮ್‌ನಿಂದ ಭಾಗಿಸಿದರೆ ಆಂಪ್. ಆ ಲೆಕ್ಕದಲ್ಲಿ ಸಪ್ಲೈಯ ಲೇಬಲ್ ಎಲ್ಲಿಯೂ ಬರುವುದೇ ಇಲ್ಲ, ನೋಡಿ.

ನಿಮ್ಮ ಮನೆಯ ಲೈನನ್ನೇ ತೆಗೆದುಕೊಳ್ಳಿ. ಕಂಬದ ಮೇಲಿರುವ ಟ್ರಾನ್ಸ್‌ಫಾರ್ಮರ್ ನೂರಾರು ಆಂಪ್ ಕೊಡಬಲ್ಲದು. ಅದೇ ಲೈನಿನಲ್ಲಿ 9 ವ್ಯಾಟಿನ ಎಲ್‌ಇಡಿ ಬಲ್ಬ್ ಉರಿಯುತ್ತದೆ, ಅದೇ ಲೈನಿನಲ್ಲಿ ತೋಟದ ಮೋಟರೂ ಓಡುತ್ತದೆ. ಬಲ್ಬ್ ಯಾಕೆ ಸುಡುವುದಿಲ್ಲ? ಕಾರಿನ ಬ್ಯಾಟರಿ ಸ್ಟಾರ್ಟರ್ ಮೋಟರಿಗೆ ನೂರಕ್ಕೂ ಹೆಚ್ಚು ಆಂಪ್ ಕೊಡುತ್ತದೆ, ಆದರೂ ಅದೇ ಬ್ಯಾಟರಿಯಲ್ಲಿ 5 ವ್ಯಾಟಿನ ಇಂಡಿಕೇಟರ್ ಬಲ್ಬ್ ವರ್ಷಗಟ್ಟಲೆ ಬಾಳುತ್ತದೆ.

ಇನ್ನೂ ನಂಬಿಕೆ ಬರದಿದ್ದರೆ ಮಲ್ಟಿಮೀಟರ್ ತೆಗೆಯಿರಿ. ಕೆಂಪು ಪ್ರೋಬನ್ನು 10 ಆಂಪ್ ತೂತಿಗೆ ಹಾಕಿ, ಸಪ್ಲೈಯ ಪ್ಲಸ್ ವೈರಿನ ಮಧ್ಯೆ ಮೀಟರನ್ನು ಸೇರಿಸಿ. ಮೊದಲು 3 ಆಂಪ್ ಸಪ್ಲೈ, ಒಂದೇ ಹಾಡು, ಒಂದೇ ವಾಲ್ಯೂಮ್. ಎಷ್ಟು ತೋರಿಸಿತು ಬರೆದುಕೊಳ್ಳಿ. ಆಮೇಲೆ ಏನನ್ನೂ ಮುಟ್ಟದೆ 10 ಆಂಪ್ ಸಪ್ಲೈಗೆ ಬದಲಾಯಿಸಿ. ಎರಡೂ ರೀಡಿಂಗ್ ಒಂದೇ ಇರುತ್ತದೆ. ಹಾಡು ನಿಲ್ಲಿಸಿ ನೋಡಿ, ಎರಡರಲ್ಲೂ ಮೀಟರ್ ಹೆಚ್ಚುಕಡಿಮೆ ಸೊನ್ನೆಯ ಹತ್ತಿರಕ್ಕೆ ಇಳಿಯುತ್ತದೆ. 10 ಆಂಪ್ ತಳ್ಳುವ ಸಪ್ಲೈ ಆಗಿದ್ದರೆ ಹಾಡು ನಿಂತಾಗ ಆ 10 ಆಂಪ್ ಎಲ್ಲಿಗೆ ಹೋಗುತ್ತಿತ್ತು?

ಹಾಗಾದರೆ ಈ ಹೆದರಿಕೆ ಎಲ್ಲಿಂದ ಬಂತು? ಸುಮ್ನೆ ಹುಟ್ಟಿಕೊಂಡದ್ದಲ್ಲ. "ದೊಡ್ಡ ಟ್ರಾನ್ಸ್‌ಫಾರ್ಮರ್ ಹಾಕಿದೆ, ಬೋರ್ಡ್ ಹೋಯಿತು" ಅನ್ನುವವರು ಸುಳ್ಳು ಹೇಳುತ್ತಿಲ್ಲ. ಬೋರ್ಡ್ ಹೋಗಿರುವುದು ನಿಜ, ಕಾರಣ ಮಾತ್ರ ಬೇರೆ. ಹೊಸನಗರದ ಕಡೆಯ ಹುಡುಗನೊಬ್ಬ ಸುಟ್ಟ ಬೋರ್ಡ್ ಹಿಡಿದುಕೊಂಡು ಬಂದಿದ್ದ. ಎಲ್‌ಎ4440 ಅನ್ನುವ ಐಸಿಯ (ಆಂಪ್ಲಿಫೈಯರ್ ಚಿಪ್) ಬೋರ್ಡ್, ಐಸಿಯ ಮೈ ಸೀಳಿತ್ತು, ಪಕ್ಕದ ಕೆಪಾಸಿಟರಿನ ತಲೆ ಉಬ್ಬಿತ್ತು. "5 ಆಂಪ್ ಹಾಕಿದೆ ಅಣ್ಣ, ಅದಕ್ಕೇ ಹೋಯ್ತು" ಅಂದ. ಮೊದಲು ಅವನ ಹತ್ತಿರ ಇದ್ದದ್ದು 12 ವೋಲ್ಟ್ 1 ಆಂಪಿನ ಎರಡೇ ವೈರಿನ ಟ್ರಾನ್ಸ್‌ಫಾರ್ಮರ್. ಬದಲಿಗೆ ತಂದದ್ದು 12-0-12, 5 ಆಂಪಿನದು. ಅದರಲ್ಲಿ ಮೂರು ವೈರ್. ಒಂದೇ ಬಣ್ಣದ ಎರಡನ್ನು ಬ್ರಿಡ್ಜ್‌ಗೆ (ಎಸಿಯನ್ನು ಡಿಸಿ ಮಾಡುವ ನಾಲ್ಕು ಡಯೋಡುಗಳು) ಕೊಟ್ಟು, ನಡುವಿನದನ್ನು ಟೇಪ್ ಸುತ್ತಿ ಬಿಟ್ಟಿದ್ದ.

ಲೆಕ್ಕ ಹಾಕಿ ಮಾರಾಯ್ರೇ. ಎರಡು ತುದಿಗಳ ನಡುವೆ 12 ಅಲ್ಲ, 24 ವೋಲ್ಟ್ ಎಸಿ. ಅದನ್ನು ಡಿಸಿ ಮಾಡಿದಾಗ 1.414ರಿಂದ ಗುಣಿಸಬೇಕು, ಸುಮಾರು 34. ಡಯೋಡುಗಳಲ್ಲಿ ಒಂದೂವರೆ ವೋಲ್ಟ್ ಹೋದರೂ 32 ಉಳಿಯುತ್ತದೆ. ಎಲ್‌ಎ4440 ಕೆಲಸ ಮಾಡುವಾಗ ತಡೆಯುವುದು 18 ವೋಲ್ಟ್, ಅದಕ್ಕೆ ಸರಿಯಾದದ್ದು 13.2. ಸುಟ್ಟಿದ್ದು ಆಂಪಿನಿಂದಲ್ಲ, ವೋಲ್ಟಿನಿಂದ. ಆದರೆ ಅವನ ಕಣ್ಣಿಗೆ ಬಿದ್ದದ್ದು 1 ಇದ್ದ ಕಡೆ 5 ಆದದ್ದು ಮಾತ್ರ. ಅವನು ಊರಿಗೆ ಹೋಗಿ ನಾಲ್ಕು ಜನಕ್ಕೆ ಹೇಳಿದ್ದರೆ ನಾಲ್ಕೂ ಜನ ಅದನ್ನೇ ನಂಬುತ್ತಿದ್ದರು.

ಇನ್ನೊಂದು ಕಾರಣ ಹಳೆಯ ಕಬ್ಬಿಣದ ಕೋರಿನ ಭಾರದ ಅಡಾಪ್ಟರುಗಳು. ಅವುಗಳ ಒಳಗೆ ವೋಲ್ಟೇಜನ್ನು ಹಿಡಿದಿಡುವ ಸರ್ಕ್ಯೂಟೇ ಇರುವುದಿಲ್ಲ. ಲೇಬಲ್ 12 ಅಂದರೂ ಲೋಡ್ ಇಲ್ಲದಾಗ ಮೀಟರ್ 16, 17 ತೋರಿಸುತ್ತದೆ. ದೊಡ್ಡದನ್ನು ತಂದು ಚಿಕ್ಕ ಬೋರ್ಡಿಗೆ ಹಾಕಿದರೆ ಬೋರ್ಡಿಗೆ ಸಿಗುವುದು ಆ 16. ಇಲ್ಲಿಯೂ ತಪ್ಪು ವೋಲ್ಟಿನದೇ. ಹಾಗಾಗಿ ಯಾವ ಸಪ್ಲೈಯನ್ನೂ ಮೀಟರಿನಲ್ಲಿ ನೋಡದೆ ಬೋರ್ಡಿಗೆ ಕೊಡಬೇಡಿ.

ನಿಜವಾಗಿಯೂ ಕರೆಂಟನ್ನು ತಳ್ಳುವ ಒಂದು ಜಾತಿ ಇದೆ: ಸೀಲಿಂಗ್ ಲೈಟಿನ ಎಲ್‌ಇಡಿ ಡ್ರೈವರ್. ಅದರ ಲೇಬಲ್ಲಿನಲ್ಲಿ ಔಟ್‌ಪುಟ್ 300 ಮಿಲಿಆಂಪ್, 24ರಿಂದ 42 ವೋಲ್ಟ್ ಅನ್ನುವ ಹಾಗೆ ವೋಲ್ಟ್ ಎರಡು ಅಂಕಿಗಳ ನಡುವೆ ಇರುತ್ತದೆ. ಇದನ್ನು ಆಂಪ್ಲಿಫೈಯರಿಗೆ ಹಾಕಲೇಬಾರದು. ಔಟ್‌ಪುಟ್ ಡಿಸಿ 12 ವೋಲ್ಟ್ ಅಂತ ಒಂದೇ ಅಂಕಿ ಇದ್ದರೆ ಅದು ಈ ಜಾತಿಯದಲ್ಲ.

ಜಾಸ್ತಿ ಆಂಪಿನಲ್ಲಿ ಇರುವ ಅಪಾಯ ಒಂದೇ. ಬೋರ್ಡಿನಲ್ಲಿ ಶಾರ್ಟ್ ಆದರೆ ಚಿಕ್ಕ ಸಪ್ಲೈ ಬೇಗ ಕೈ ಚೆಲ್ಲುತ್ತದೆ, ದೊಡ್ಡದು 10 ಆಂಪನ್ನೂ ಸುರಿಯುತ್ತದೆ, ವೈರ್ ಸುಡಬಹುದು. ಅದಕ್ಕೆ ಪ್ಲಸ್ ವೈರಿನಲ್ಲಿ ಒಂದು ಫ್ಯೂಸ್ ಹಾಕಿ. ನಿಮ್ಮ 3 ಆಂಪ್ ಬೋರ್ಡಿಗೆ 4 ಅಥವಾ 5 ಆಂಪಿನ ಫ್ಯೂಸ್ ಸಾಕು.

ಹೆದರಬೇಕಾದ್ದು ಕಡಿಮೆ ಆಂಪಿಗೆ. 3 ಬೇಕಾದ ಕಡೆ 1 ಆಂಪಿನ ಅಡಾಪ್ಟರ್ ಹಾಕಿದರೆ ಚೆಂಡೆಯ ಪೆಟ್ಟು ಬಂದಾಗಲೆಲ್ಲ ವೋಲ್ಟೇಜ್ ಕುಸಿಯುತ್ತದೆ, ಎಸ್‌ಎಂಪಿಎಸ್ ಆಫ್ ಆಗಿ ಆನ್ ಆಗಿ ಟಕ್ ಟಕ್ ಅನ್ನುತ್ತದೆ. ಟ್ರಾನ್ಸ್‌ಫಾರ್ಮರ್ ಆದರೆ ಕಾದು ವಾರ್ನಿಷ್ ವಾಸನೆ ಬರುತ್ತದೆ. ಇದರ ಬಗ್ಗೆ ಯಾರೂ ಕೇಳುವುದಿಲ್ಲ.

ಈಗ ಆಯ್ಕೆ. ಮೊದಲು ಬೋರ್ಡಿನ ಐಸಿ ನಂಬರ್ ಓದಿ. ಈಗ ಎಲ್ಲರೂ ತರುತ್ತಿರುವ ಟಿಪಿಎ3116ಗೆ 4.5ರಿಂದ 26 ವೋಲ್ಟ್ ನಡೆಯುತ್ತದೆ. ಪೆಟ್ಟಿಗೆಯ ಮೇಲೆ 50+50 ವ್ಯಾಟ್ ಅಂತ ಇರುತ್ತದಲ್ಲ, ಅದು 21 ವೋಲ್ಟ್ ಕೊಟ್ಟು, 4 ಓಮ್ ಸ್ಪೀಕರ್ ಹಾಕಿದಾಗಿನ ಮಾತು. ಈ ಐಸಿಗೆ ಲೆಕ್ಕ ಸುಲಭ: ವೋಲ್ಟನ್ನು ವೋಲ್ಟಿನಿಂದಲೇ ಗುಣಿಸಿ, ಸ್ಪೀಕರ್ ಓಮ್‌ನ ಎರಡರಷ್ಟರಿಂದ ಭಾಗಿಸಿ. 12 ವೋಲ್ಟ್, 8 ಓಮ್ ಆದರೆ 144 ಭಾಗಿಸು 16, ಅಂದರೆ 9 ವ್ಯಾಟ್. ಅದಕ್ಕಿಂತ ಜಾಸ್ತಿ ಶುದ್ಧವಾಗಿ ಬರಲು ಸಾಧ್ಯವೇ ಇಲ್ಲ, ನೀವು 10 ಆಂಪ್ ಅಲ್ಲ 100 ಆಂಪಿನ ಸಪ್ಲೈ ತಂದರೂ. ಸೌಂಡ್ ಜಾಸ್ತಿ ಬೇಕಾದರೆ ವೋಲ್ಟ್ ಏರಿಸಬೇಕು. ಹಳೆ ಲ್ಯಾಪ್‌ಟಾಪಿನ 19 ವೋಲ್ಟ್ 3.42 ಆಂಪ್ ಅಡಾಪ್ಟರ್ ಮೂಲೆಯಲ್ಲಿ ಬಿದ್ದಿದ್ದರೆ ಅದೇ ಚಿನ್ನ. 8 ಓಮ್ ಸ್ಪೀಕರಿಗೆ ಒಂದೊಂದು ಕಡೆಗೆ 22 ವ್ಯಾಟ್, ಮನೆಯ ಜಗಲಿಗೆ ಧಾರಾಳ. 4 ಓಮ್ ಸ್ಪೀಕರ್ ಇಟ್ಟುಕೊಂಡು ಪೆಂಡಾಲಿಗೆ ಬಾರಿಸುವವರು 24 ವೋಲ್ಟ್ 5 ಆಂಪ್ ಎಸ್‌ಎಂಪಿಎಸ್ ನೋಡಲಿ. ಆದರೆ 26ರ ಮಿತಿ ಹತ್ತಿರವೇ ಇದೆ, ಎಸ್‌ಎಂಪಿಎಸ್‌ನಲ್ಲಿರುವ ಸಣ್ಣ ಅಡ್ಜಸ್ಟ್ ಸ್ಕ್ರೂ ಮುಟ್ಟಿ ಮೇಲೆ ಏರಿಸಬೇಡಿ.

ಕನೆಕ್ಷನ್. ಕಬ್ಬಿಣದ ಡಬ್ಬದ ಎಸ್‌ಎಂಪಿಎಸ್ ಆದರೆ ಪಕ್ಕದಲ್ಲಿ 115/230 ಸ್ವಿಚ್ ಇದೆಯಾ ನೋಡಿ, ಇದ್ದರೆ 230ಕ್ಕೆ ತಳ್ಳಿ. ಫೇಸ್, ನ್ಯೂಟ್ರಲ್, ಅರ್ಥ್ ಮೂರೂ ಕೊಡಿ. ಅರ್ಥ್ ಬಿಟ್ಟು ಎರಡು ಪಿನ್ನಿನಲ್ಲಿ ಮುಗಿಸುವವರೇ ಜಾಸ್ತಿ, ಆಮೇಲೆ ಡಬ್ಬ ಮುಟ್ಟಿದರೆ ಜುಂ ಅನ್ನುತ್ತದೆ ಅಂತ ದೂರುತ್ತಾರೆ. ಪ್ಲಸ್ ಮೈನಸ್ ಅದಲುಬದಲಾದರೆ ಬೋರ್ಡ್ ಒಂದೇ ಕ್ಷಣದಲ್ಲಿ ಹೋಗುತ್ತದೆ, ಬಣ್ಣ ನಂಬಬೇಡಿ, ಮೀಟರ್ ನಂಬಿ. ಟಿಪಿಎ3116ರಲ್ಲಿ ಸ್ಪೀಕರಿನ ಮೈನಸನ್ನು ಗ್ರೌಂಡಿಗೆ, ಅಂದರೆ ಸಪ್ಲೈಯ ಮೈನಸ್ಸಿಗೆ, ಸೇರಿಸಲೇಬಾರದು, ಎರಡು ಸ್ಪೀಕರಿನ ಮೈನಸ್ಸುಗಳನ್ನು ಒಟ್ಟಿಗೆ ಕಟ್ಟಲೂಬಾರದು.

ಟ್ರಾನ್ಸ್‌ಫಾರ್ಮರ್ ಸಪ್ಲೈ ಕಟ್ಟುವವರು ಮೊದಲ ಸಲ ನೇರವಾಗಿ ಪ್ಲಗ್ ಹಾಕಬೇಡಿ. ಎಲೆಕ್ಟ್ರಿಷಿಯನ್ನರ ಸೀರಿಸ್ ಬಲ್ಬ್ ಇರುತ್ತದಲ್ಲ, 60 ಅಥವಾ 100 ವ್ಯಾಟಿನ ಹಳೆಯ ತಂತಿ ಬಲ್ಬ್, ಅದರ ಮೂಲಕ ಕೊಡಿ. ಸ್ವಿಚ್ ಹಾಕಿದ ಕೂಡಲೇ ಬಲ್ಬ್ ಒಮ್ಮೆ ಹೊಳೆಯುತ್ತದೆ, ಅದು ಕೆಪಾಸಿಟರುಗಳು ತುಂಬಿಕೊಳ್ಳುವುದು. ಆಮೇಲೆ ಮಂಕಾಗಿ ಆರಿಹೋದರೆ ಎಲ್ಲ ಸರಿ ಇದೆ. ಹೊಳೆದದ್ದು ಹಾಗೇ ಉಳಿದರೆ ಎಲ್ಲೋ ಶಾರ್ಟ್ ಇದೆ, ಬ್ರಿಡ್ಜ್ ಅಥವಾ ಕೆಪಾಸಿಟರ್ ಉಲ್ಟಾ ಆಗಿದೆ. ಸುಡಬೇಕಾದ ಕರೆಂಟನ್ನು ಬಲ್ಬ್ ತಡೆಯುತ್ತದೆ. ಇಷ್ಟು ಅಗ್ಗದ ಇಷ್ಟು ಒಳ್ಳೆಯ ಪರೀಕ್ಷೆ ಇನ್ನೊಂದಿಲ್ಲ. 12-0-12 ಅನ್ನು ಟಿಡಿಎ2030 ತರಹದ, ಪ್ಲಸ್ ಮತ್ತು ಮೈನಸ್ ಎರಡೂ ವೋಲ್ಟ್ ಬೇಕಾದ ಬೋರ್ಡಿಗೆ ಕೊಡುವಾಗ ತುದಿಗಳೆರಡು ಬ್ರಿಡ್ಜ್‌ಗೆ, ನಡುವಿನ ವೈರ್ ಎರಡು ಕೆಪಾಸಿಟರುಗಳು ಸೇರುವ ಗ್ರೌಂಡಿಗೆ.

ಕೇಳಿಲ್ಲವಾದರೂ ಹೇಳಬೇಕಾದ್ದು ಒಂದಿದೆ: ನಮ್ಮ ಮಲೆನಾಡಿಗೆ ಟ್ರಾನ್ಸ್‌ಫಾರ್ಮರ್ ಒಳ್ಳೆಯದೋ ಎಸ್‌ಎಂಪಿಎಸ್ ಒಳ್ಳೆಯದೋ? ಪೇಟೆಯವರು ಸೌಂಡ್ ಕ್ವಾಲಿಟಿ ಬಗ್ಗೆ ಜಗಳವಾಡುತ್ತಾರೆ. ನಮಗೆ ಅದಕ್ಕಿಂತ ಮೊದಲು ವೋಲ್ಟೇಜ್ ನೋಡಬೇಕು. ಬೇಸಿಗೆಯಲ್ಲಿ ತೋಟದ ಮೋಟರುಗಳು ಶುರುವಾದರೆ ಲೈನಿನ ತುದಿಯ ಮನೆಗಳಲ್ಲಿ 160 ವೋಲ್ಟಿಗೆ ಇಳಿಯುವುದು ಹೊಸದೇನಲ್ಲ. ಆಗ 12 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಕೊಡುವುದು 8 ಚಿಲ್ಲರೆ. ಡಿಸಿಯಾದ ಮೇಲೆ 15 ಇರಬೇಕಾದ ಕಡೆ 10, ಆಂಪ್ಲಿಫೈಯರಿನ ಶಕ್ತಿ ಅರ್ಧಕ್ಕಿಂತ ಕಡಿಮೆ. 100-240 ಅಂತ ಬರೆದ ಲ್ಯಾಪ್‌ಟಾಪ್ ಅಡಾಪ್ಟರಿಗೆ ಅದು ಗೊತ್ತೇ ಆಗುವುದಿಲ್ಲ, 19 ಅಂದರೆ 19. ಈ ಒಂದು ಕಾರಣಕ್ಕೆ ಹಳ್ಳಿಮನೆಗೆ ಎಸ್‌ಎಂಪಿಎಸ್ ಅನ್ನುತ್ತೇನೆ.

ಆದರೆ ಸಿಡಿಲಿಗೆ ಅದು ಬೇಗ ಸೋಲುತ್ತದೆ. ಟ್ರಾನ್ಸ್‌ಫಾರ್ಮರಿನ ದಪ್ಪ ಸುರುಳಿ ತಡೆದುಕೊಳ್ಳುವ ಏಟನ್ನು ಎಸ್‌ಎಂಪಿಎಸ್ ಒಳಗಿನ ಸಣ್ಣ ಟ್ರಾನ್ಸಿಸ್ಟರ್ ತಡೆಯಲಾರದು. ಆಷಾಢದ ಜಡಿಮಳೆಯಲ್ಲಿ ಭಯ ಕಡಿಮೆ. ಏಪ್ರಿಲ್, ಮೇ ತಿಂಗಳ ಸಂಜೆ ಮಳೆ ಮತ್ತು ಅಕ್ಟೋಬರಿನ ಗುಡುಗು ಮಳೆ ಅಪಾಯ. ಫೇಸ್ ಮತ್ತು ನ್ಯೂಟ್ರಲ್ ನಡುವೆ, ಫ್ಯೂಸ್ ಆದ ಮೇಲೆ, 14ಡಿ471 ಅನ್ನುವ ಎಂಒವಿ (ಜಾಸ್ತಿಯಾದ ವೋಲ್ಟೇಜನ್ನು ಹೀರಿಕೊಳ್ಳುವ ಸಣ್ಣ ಬಿಲ್ಲೆ) ಹಾಕಿ. ದೂರದ ಸಿಡಿಲಿನ ಸರ್ಜಿಗೆ (ಲೈನಿನಲ್ಲಿ ನುಗ್ಗಿ ಬರುವ ವೋಲ್ಟೇಜಿನ ಏಟು) ಅದು ಸಹಾಯ ಮಾಡುತ್ತದೆ, ಹತ್ತಿರ ಬಿದ್ದದ್ದನ್ನು ಯಾವುದೂ ತಡೆಯುವುದಿಲ್ಲ. ಸ್ವಿಚ್ ಆಫ್ ಮಾಡಿದರೆ ಸಾಲದು, ಅದು ಫೇಸನ್ನು ಮಾತ್ರ ಬಿಡಿಸುತ್ತದೆ, ಅದೂ ಕೆಲವೇ ಮಿಲಿಮೀಟರ್. ಪ್ಲಗ್ ಕೀಳಬೇಕು. ಟಿವಿಯಿಂದ ಆಂಪ್ಲಿಫೈಯರಿಗೆ ಆಡಿಯೋ ವೈರ್ ಎಳೆದಿದ್ದರೆ ಅದನ್ನೂ ಕಳಚಿ, ಯಾಕೆಂದರೆ ಮಾಡಿನ ಮೇಲಿನ ಡಿಶ್ಶಿನ ಕೇಬಲ್ ಟಿವಿಗೆ ಬಂದು, ಅಲ್ಲಿಂದ ಆ ವೈರ್ ಹಿಡಿದು ಸರ್ಜ್ ನಿಮ್ಮ ಬೋರ್ಡಿಗೇ ಬರುತ್ತದೆ. ಇದನ್ನೆಲ್ಲ ಮೋಡ ಕಟ್ಟುವಾಗಲೇ ಮಾಡಿ. ಗುಡುಗು ತಲೆಯ ಮೇಲೆ ಬಂದ ಮೇಲೆ ಪ್ಲಗ್ ಮುಟ್ಟಲು ಹೋಗಬೇಡಿ, ಬೋರ್ಡ್ ಹೋದರೆ ಇನ್ನೊಂದು ತರಬಹುದು.