ಲೈಫ್ ಜಾಕೆಟ್ಟನ್ನು ವಿಮಾನದೊಳಗೆ ಏಕೆ ಉಬ್ಬಿಸಬಾರದು?

ನೀರಿನ ಮೇಲೆ ಹಾರುವ ವಿಮಾನದಲ್ಲಿ ಗಗನಸಖಿಯರು ಲೈಫ್ ಜಾಕೆಟ್ ತೊಡುವ ಬಗೆಯನ್ನು ತೋರಿಸುತ್ತ, ಹೊರಬರುವ ತನಕ ಅದನ್ನು ಉಬ್ಬಿಸಬಾರದೆಂದು ತಪ್ಪದೆ ಹೇಳುತ್ತಾರೆ. ನಡುದಾರಿ ಇಕ್ಕಟ್ಟಾಗುತ್ತದೆ ಎಂಬುದಷ್ಟೇ ಇದಕ್ಕೆ ಕಾರಣವೆಂದು ಹಲವರು ತಿಳಿದಿದ್ದಾರೆ. ಬೇಗ ಉಬ್ಬಿಸಿಕೊಂಡಷ್ಟೂ ಕ್ಷೇಮವೆಂದು ನಂಬಿದವರೂ ಇದ್ದಾರೆ. ಈ ನಂಬಿಕೆ ಪ್ರಾಣಕ್ಕೇ ಎರವಾಗಬಲ್ಲದು.

1996ರ ನವೆಂಬರ್ 23ರಂದು ಅಡಿಸ್ ಅಬಾಬಾದಿಂದ ನೈರೋಬಿಗೆ ಹೊರಟಿದ್ದ ಇಥಿಯೋಪಿಯನ್ ಏರ್‌ಲೈನ್ಸ್‌ನ ಬೋಯಿಂಗ್ 767 ವಿಮಾನವನ್ನು ಮೂವರು ಅಪಹರಿಸಿದರು. ಇಂಧನ ತೀರಿದ ಬಳಿಕ ಕ್ಯಾಪ್ಟನ್ ಅದನ್ನು ಕೊಮೊರೊಸ್ ದ್ವೀಪದ ಕಡಲತೀರದ ಸಮೀಪ ನೀರಿಗಿಳಿಸಿದರು. ರೆಕ್ಕೆ ನೀರಿಗೆ ತಾಗಿ ವಿಮಾನ ಒಡೆಯಿತು. ಅದರಲ್ಲಿದ್ದ 175 ಮಂದಿಯಲ್ಲಿ 125 ಮಂದಿ ಅಸುನೀಗಿದರು. ಅಪ್ಪಳಿಸಿದ ಹೊಡೆತದಿಂದ ಪಾರಾಗಿಯೂ, ಒಳಗೇ ಜಾಕೆಟ್ ಉಬ್ಬಿಸಿಕೊಂಡಿದ್ದ ಕಾರಣಕ್ಕೆ ಹೊರಬರಲಾಗದೆ ಮುಳುಗಿದವರು ಅವರಲ್ಲಿದ್ದರು.

ಮನುಷ್ಯನ ದೇಹದ ಸಾಂದ್ರತೆ ನೀರಿನ ಸಾಂದ್ರತೆಗೆ ಬಹಳ ಹತ್ತಿರ. ಹೀಗಾಗಿ ಮುಳುಗಿದ ಭಾಗದ ಭಾರವನ್ನು ಬಹುಪಾಲು ನೀರೇ ಹೊರುತ್ತದೆ. ಮೇಲಿರಬೇಕಾದ ತಲೆಯ ನಾಲ್ಕೈದು ಕಿಲೋ ಭಾರಕ್ಕೆ ಆಸರೆ ಸಿಕ್ಕರೆ ಸಾಕು. ಆದರೆ ವಯಸ್ಕರ ಜಾಕೆಟ್ಟು ಸುಮಾರು 16 ಕಿಲೋ ಭಾರವನ್ನು ಎತ್ತಿಹಿಡಿಯುವಂತಿರುತ್ತದೆ, ಏಕೆಂದರೆ ಪ್ರಜ್ಞೆ ತಪ್ಪಿದವರನ್ನೂ ಅದು ಮಗುಚಿ, ಮುಖ ಆಕಾಶ ನೋಡುವಂತೆ ತೇಲಿಸಬೇಕು. ಕ್ಯಾಬಿನ್ನಿನೊಳಗೆ ನೀರು ಏರಿದಾಗ ಇದೇ ಬಲ ಪ್ರಯಾಣಿಕರನ್ನು ಚಾವಣಿಗೆ ಒತ್ತಿ ಹಿಡಿಯುತ್ತದೆ. ಬಾಗಿಲು ಅಷ್ಟರಲ್ಲಿ ನೀರಿನಡಿಯಲ್ಲಿರುತ್ತದೆ. ಅಲ್ಲಿಗೆ ಹೋಗಲು ಮುಳುಗಲೇಬೇಕು, ಜಾಕೆಟ್ಟು ಮುಳುಗಗೊಡದು. ಸೋರೆಬುರುಡೆ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತವರು, ಬುರುಡೆ ಬಿಚ್ಚದೆ ತಳ ಮುಟ್ಟಲು ಹೊರಟರೆ ಏನಾಗುತ್ತದೆಂದು ಬಲ್ಲರು.

ಜಾಕೆಟ್ಟಿನ ಕೆಳಗಿನ ದಾರವನ್ನು ಎಳೆದೊಡನೆ ಒಂದು ಪುಟ್ಟ ಸನ್ನೆಕೋಲು ತಿರುಗಿ, ಮೊನಚಾದ ಸೂಜಿಯೊಂದು ಪುಟ್ಟ ಸಿಲಿಂಡರಿನ ಮುಚ್ಚಳವನ್ನು ಚುಚ್ಚುತ್ತದೆ. ಒತ್ತಡದಲ್ಲಿ ದ್ರವವಾಗಿದ್ದ ಇಂಗಾಲದ ಡೈಆಕ್ಸೈಡ್ ಅನಿಲವಾಗಿ ನುಗ್ಗಿ ಕೆಲವೇ ಸೆಕೆಂಡುಗಳಲ್ಲಿ ಚೀಲವನ್ನು ತುಂಬುತ್ತದೆ. ಸಿಲಿಂಡರ್ ಕೈಕೊಟ್ಟರೆ ಊದಲು ಕೊಳವೆಯೂ ಇದೆ. ಭುಜದ ಬಳಿಯ ದೀಪದ ಬ್ಯಾಟರಿಯಂತೂ ನೀರು ತಾಗಿದಾಗಲೇ ಜೀವ ತಳೆದು, ಎಂಟು ಗಂಟೆ ಬೆಳಗುತ್ತದೆ.

ದೀಪ ತಾನಾಗಿ ಹೊತ್ತುವಂತೆ ಮಾಡಿದವರು ಜಾಕೆಟ್ಟನ್ನೂ ತಾನಾಗಿ ಉಬ್ಬುವಂತೆ ಮಾಡಬಹುದಿತ್ತು. ದೋಣಿಯವರು ತೊಡುವ ಕೆಲವು ಜಾಕೆಟ್ಟುಗಳು ನೀರು ತಾಗಿದೊಡನೆ ಉಬ್ಬುತ್ತವೆ ಕೂಡ. ವಿಮಾನದಲ್ಲಿ ಮಾತ್ರ ಆ ನಿರ್ಧಾರವನ್ನು ಪ್ರಯಾಣಿಕರ ಕೈಗೇ ಬಿಡಲಾಗಿದೆ: ಬಾಗಿಲು ದಾಟುವಾಗ ದಾರ ಎಳೆಯಬೇಕು, ಅದಕ್ಕಿಂತ ಒಂದು ಹೆಜ್ಜೆಯೂ ಮೊದಲಲ್ಲ.