ಬೂದಿದಿಬ್ಬದಿಂದ ಮುಕ್ತ ವಿಜ್ಞಾನದವರೆಗೆ

ಬಳ್ಳಾರಿಯಿಂದ ಹೊಸಪೇಟೆಯ ಕಡೆಗೆ ಹೊರಟರೆ ಕುಡತಿನಿಯ ಬಳಿ ಬೂದಿದಿಬ್ಬ ಸಿಗುತ್ತದೆ. ಭೀಮ ಸುಟ್ಟ ಹಿಡಿಂಬಾಸುರನ ಬೂದಿಯೇ ಅದು ಎಂದು ಜನ ಹೇಳುತ್ತಿದ್ದರು. ಇಂಥ ದಿಬ್ಬಗಳ ವಿವರವನ್ನು ಮದ್ರಾಸ್ ಸೇನೆಯ ಅಧಿಕಾರಿ ನ್ಯೂಬೋಲ್ಡ್ 1843ರಲ್ಲಿ ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇದು ಸಗಣಿ ಸುಟ್ಟ ಬೂದಿ ಎಂದು ವಾದಿಸಿದರು. ಎಲ್ಲರೂ ಒಪ್ಪಲಿಲ್ಲ. ಕೊನೆಗೆ ಲಂಡನ್ನಿನ ಪುರಾತತ್ವ ವಿಜ್ಞಾನಿ ಝಾಯ್ನರ್ ಬೂದಿಯ ಮಾದರಿಗಳನ್ನೇ ಪರೀಕ್ಷಿಸಿ, ಅದು ಸಗಣಿಯದೇ ಎಂದು 1960ರಲ್ಲಿ ಪ್ರಕಟಿಸಿದರು. ಇಂದಿನ ತೆಲಂಗಾಣದ ಉಟ್ನೂರಿನ ಬೂದಿದಿಬ್ಬವನ್ನು ಅಗೆದ ಪುರಾತತ್ವಜ್ಞ ಆಲ್ಚಿನ್ ಅವರಿಗೆ ದನಗಳ ಗೊರಸಿನ ಗುರುತುಗಳೇ ಸಿಕ್ಕವು. ನವಶಿಲಾಯುಗದ ದನಗಾಹಿಗಳ ದೊಡ್ಡಿಗಳಿವು ಎಂಬ ಚಿತ್ರ ಮೂಡಿದ್ದು ಹೀಗೆ. ಮುಂದೆ ರವಿ ಕೋರಿಶೆಟ್ಟರ್, ಡೋರಿಯನ್ ಫುಲ್ಲರ್ ಮೊದಲಾದ ಪುರಾತತ್ವಜ್ಞರು ಬಳ್ಳಾರಿ ಬಳಿಯ ಸಂಗನಕಲ್ಲಿನ ಮಣ್ಣಿನಲ್ಲಿ ಸುಟ್ಟು ಉಳಿದಿದ್ದ ಹುರುಳಿ, ಹೆಸರು, ಕೊರಲೆಯ ಕಾಳುಗಳನ್ನು ಗುರುತಿಸಿದರು. ಒಬ್ಬರು ಬರೆದಿಟ್ಟದ್ದು ಇನ್ನೊಂದು ಶಾಸ್ತ್ರದವರ ಕೈಗೆ ಸಿಗದಿದ್ದರೆ ಇದು ಸಾಧ್ಯವೇ ಇರಲಿಲ್ಲ.

ಬಳ್ಳಾರಿ ಬಳಿಯದೇ ಆದ ಕಪ್ಪಗಲ್ಲಿನ ಬಂಡೆಚಿತ್ರಗಳ ಪಾಡು ಬೇರೆ. 1892ರಲ್ಲೇ ಅವು ವರದಿಯಾಗಿದ್ದವು. ಆಗ ತೆಗೆದ ಫೋಟೋಗಳು ಲಂಡನ್ನಿನಲ್ಲಿ ಮಾಸುತ್ತಾ ಹೋದವು. ನಂತರ ಬಂದ ಶೋಧಕರಿಗೆ ಜಾಗವೇ ಸಿಗಲಿಲ್ಲ. ಈ ಶತಮಾನದ ಆರಂಭದಲ್ಲಿ ಮತ್ತೆ ದಾಖಲಿಸುವ ಹೊತ್ತಿಗೆ ಕಲ್ಲುಗಣಿಗಾರಿಕೆ ಗುಡ್ಡವನ್ನು ಕೊರೆಯುತ್ತಿತ್ತು. ನನಗೆ ಹೆಚ್ಚು ನೋವಾಗುವುದು ಇಲ್ಲಿ: ಒಡೆದ ಬಂಡೆಯನ್ನು ಮತ್ತೆ ಅಳೆಯಲಾಗದು, ಹಳೆಯ ಫೋಟೋ ಒಂದೇ ಸಾಕ್ಷಿ.

ಸಂಶೋಧನೆಯ ಮಾಹಿತಿಯನ್ನು ಎಲ್ಲರಿಗೂ ತೆರೆದಿಡುವುದು, ಅಂದರೆ ಮುಕ್ತ ವಿಜ್ಞಾನ, ಪದ್ಧತಿಯಾಗಲು ಬಹಳ ಕಾಲ ಹಿಡಿಯಿತು. ಹಲವು ದೇಶಗಳು ಒಟ್ಟಾಗಿ ಭೂಮಿಯನ್ನು ಅಧ್ಯಯನ ಮಾಡಿದ 1957-58ರ ಅಂತರರಾಷ್ಟ್ರೀಯ ಭೂಭೌತ ವರ್ಷಕ್ಕಾಗಿ ವಿಶ್ವ ದತ್ತಾಂಶ ಕೇಂದ್ರಗಳು ಹುಟ್ಟಿದವು. ಶೀತಲ ಸಮರದ ನಡುವೆಯೂ ಅಮೆರಿಕ, ಸೋವಿಯತ್ ಎರಡೂ ಅಂಥ ಕೇಂದ್ರಗಳನ್ನು ನಡೆಸಿದವು. 1991ರಲ್ಲಿ ಭೌತವಿಜ್ಞಾನಿ ಪಾಲ್ ಗಿನ್ಸ್‌ಪಾರ್ಗ್ ಪತ್ರಿಕೆಯಲ್ಲಿ ಅಚ್ಚಾಗುವ ಮೊದಲೇ ಪ್ರಬಂಧಗಳನ್ನು ಎಲ್ಲರಿಗೂ ಹಂಚುವ ಗಣಕ ಭಂಡಾರ ಆರ್ಕೈವ್ (arXiv) ಆರಂಭಿಸಿದರು. 1996ರಲ್ಲಿ ಬರ್ಮುಡಾದಲ್ಲಿ ಸೇರಿದ ಜೀವವಿಜ್ಞಾನಿಗಳು ಮಾನವ ಡಿಎನ್‌ಎ ಅನುಕ್ರಮವನ್ನು ಅದು ಸಿದ್ಧವಾದ 24 ಗಂಟೆಯೊಳಗೆ ಬಹಿರಂಗಪಡಿಸಲು ಒಪ್ಪಿದರು. ಜೀನ್‌ಗಳ ಪೇಟೆಂಟಿನ ಪೈಪೋಟಿ ಜೋರಾಗಿದ್ದ ಕಾಲವದು. ಹಾಗಾಗಿ ಇದನ್ನೇ ನಾನು ದೊಡ್ಡ ತಿರುವೆಂದು ಎಣಿಸುತ್ತೇನೆ.

ಭಾರತ ಸರ್ಕಾರ 2012ರಲ್ಲಿ ದತ್ತಾಂಶ ಹಂಚಿಕೆಯ ರಾಷ್ಟ್ರೀಯ ನೀತಿ ತಂದಿತು. ಯುನೆಸ್ಕೋದ ಮುಕ್ತ ವಿಜ್ಞಾನ ಶಿಫಾರಸು 2021ರದು. 2024ರಲ್ಲಿ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆಗೆ ಕೇಂದ್ರ ಸಂಪುಟ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಮಂಜೂರು ಮಾಡಿತು. ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳ ವಿದ್ಯಾರ್ಥಿಗಳಿಗೆ ಇದು ನಿಜವಾದ ಉಪಕಾರ. ಆದರೆ ಇದು ಸಂಶೋಧನಾ ಪತ್ರಿಕೆಗಳನ್ನು ಓದಲು ತೆರುವ ಹಣ. ಕುಡತಿನಿಯ ಪ್ರೌಢಶಾಲೆಯ ಶಿಕ್ಷಕರಿಗೆ ಈ ಬಾಗಿಲು ತೆರೆದಿಲ್ಲ. ಉತ್ಖನನದ ಟಿಪ್ಪಣಿ, ನಕ್ಷೆ, ಮಾದರಿಗಳ ಅಳತೆಗಳಿಗೂ ಇದಕ್ಕೂ ಸಂಬಂಧವಿಲ್ಲ. ನಮ್ಮ ನೆಲದಿಂದ ಅಗೆದು ತೆಗೆದ ಈ ದಾಖಲೆಗಳು ಸಾರ್ವಜನಿಕ ಹಣದಲ್ಲಿ ಸಿದ್ಧವಾಗಿದ್ದರೆ, ವರದಿಯ ಜೊತೆಗೇ ಅವೂ ಉಚಿತವಾಗಿ, ಕನ್ನಡದ ವಿವರಣೆಯೊಂದಿಗೆ ಹೊರಬರಬೇಕು. ಕಲ್ಲುಗಣಿ ಹತ್ತಿರದಲ್ಲಿರುವ ನೆಲೆಗಳ ದಾಖಲೆ ಮೊದಲು ಬರಲಿ.