ಪ್ಯಾಲಡಿನ್ ಅವರಿಗೆ, ಶಾಮನ್ ಇವರಿಗೆ: ವಾರ್‌ಕ್ರಾಫ್ಟ್‌ನ ಬಣ ರಾಜಕೀಯದ ಹಿನ್ನೆಲೆ

2022ರ ಮೇ ಕೊನೆಯಲ್ಲಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆನ್‌ಲೈನ್ ಆಟಕ್ಕೆ 9.2.5 ಎಂಬ ಅಪ್‌ಡೇಟ್ ಬಂತು. ಅಲಯನ್ಸ್ ಬಣದವರು ಮತ್ತು ಹೋರ್ಡ್ ಬಣದವರು ಒಂದೇ ತಂಡ ಕಟ್ಟಿಕೊಂಡು ಡಂಜನ್‌ಗೆ (ಸಣ್ಣ ತಂಡ ನುಗ್ಗುವ ಶತ್ರುಕೋಟೆ), ರೇಡ್‌ಗೆ (ದೊಡ್ಡ ತಂಡದ ದಾಳಿ) ಹೋಗಲು ಆಗ ಅವಕಾಶ ಸಿಕ್ಕಿತು. ಅದಕ್ಕೂ ಮುಂಚಿನ ಹದಿನೇಳೂವರೆ ವರ್ಷ ಎರಡು ಬಣದ ಆಟಗಾರರು ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಥವಾಗದಂತೆ ಬದುಕಿದ್ದರು. ಎದುರಾಳಿ ಟೈಪ್ ಮಾಡಿದ ಸಾಲನ್ನು ಆಟವೇ ಕಲಸುಮೇಲೋಗರ ಮಾಡಿ ತೋರಿಸುತ್ತಿತ್ತು.

ಕಥೆಯೊಳಗೆ ಎರಡು ಬಣಗಳೂ ರಾಜಿಯಾದದ್ದಕ್ಕೆ ಈ ಗೋಡೆ ಬಿತ್ತು ಎಂದು ಹೇಳುವವರು ಇದ್ದಾರೆ. ನನಗೆ ಆ ವಾದ ಒಪ್ಪಿಗೆಯಿಲ್ಲ. ಯಾವ ಬಣಕ್ಕೆ ಯಾವ ಕ್ಲಾಸ್ (ಪಾತ್ರದ ವೃತ್ತಿ), ಯಾವ ಜನಾಂಗಕ್ಕೆ ಯಾವ ಶಕ್ತಿ ಎಂದು ಮೊದಲ ದಿನ ಮಾಡಿದ ಹಂಚಿಕೆಯೇ ಆಟಗಾರರನ್ನು ಅತ್ತಿತ್ತ ಎಳೆಯಿತು. ಹಾಗೆ ಎಳೆದ ಜನಸಂಖ್ಯೆಯೇ ಕೊನೆಗೆ ಗೋಡೆಯನ್ನು ಕೆಡವಿತು.

ಕ್ಲಾಸ್ ಎಂಬ ಕಲ್ಪನೆ ಕಂಪ್ಯೂಟರ್ ಆಟಗಳಿಗಿಂತ ಹಳೆಯದು. ಮೇಜಿನ ಸುತ್ತ ಕೂತು ಆಡುವ, 1974ರಲ್ಲಿ ಬಂದ ಡಂಜನ್ಸ್ ಆಂಡ್ ಡ್ರ್ಯಾಗನ್ಸ್‌ನಲ್ಲಿ ಇದ್ದದ್ದು ಮೂರೇ: ಹೋರಾಟಗಾರ, ಮಂತ್ರವಾದಿ, ಕ್ಲೆರಿಕ್ (ಪುರೋಹಿತ). ಪ್ಯಾಲಡಿನ್ (ಧರ್ಮಯೋಧ) ಮತ್ತು ಕಳ್ಳ ಮರುವರ್ಷ ಸೇರಿಕೊಂಡರು. 1999ರ ಎವರ್‌ಕ್ವೆಸ್ಟ್ ಈ ಕಲ್ಪನೆಯನ್ನು ಸಾವಿರಾರು ಜನ ಒಟ್ಟಿಗೆ ಆಡುವ ಜಗತ್ತಿಗೆ ತಂದಿತು. ಹೊಡೆತ ತಿನ್ನುವವನು ಒಬ್ಬ, ಗಾಯ ವಾಸಿ ಮಾಡುವವನು ಇನ್ನೊಬ್ಬ, ಶತ್ರುವನ್ನು ಮಂಕುಗೊಳಿಸುವವನು ಮತ್ತೊಬ್ಬ. ಹೆಚ್ಚಿನ ಕ್ಲಾಸ್‌ಗಳಿಗೆ ಒಂಟಿಯಾಗಿ ದೂರ ಹೋಗುವ ಸಾಮರ್ಥ್ಯವೇ ಇರಲಿಲ್ಲ. ಕ್ಲಾಸ್ ಆರಿಸುವುದು ಎಂದರೆ ನಿಮಗೆ ಯಾರು ಬೇಕು, ನೀವು ಯಾರಿಗೆ ಬೇಕು ಎಂದು ತೀರ್ಮಾನಿಸುವುದೇ ಆಗಿತ್ತು.

ಈ ಅವಲಂಬನೆಯನ್ನು ಬಣಗಳಿಗೆ ಗಟ್ಟಿಯಾಗಿ ಕಟ್ಟಿಹಾಕಿದ್ದು 2001ರ ಡಾರ್ಕ್ ಏಜ್ ಆಫ್ ಕ್ಯಾಮೆಲಾಟ್ ಎಂಬ ಆಟ. ಆಲ್ಬಿಯನ್, ಮಿಡ್‌ಗಾರ್ಡ್, ಹೈಬರ್ನಿಯಾ ಎಂಬ ಮೂರು ರಾಜ್ಯಗಳಲ್ಲಿ ಒಂದೊಂದಕ್ಕೂ ತನ್ನದೇ ಕ್ಲಾಸ್‌ಗಳ ಪಟ್ಟಿ ಇತ್ತು. ಒಂದು ಕ್ಲಾಸ್‌ನ ಶಕ್ತಿಯನ್ನು ತುಸು ಇಳಿಸಿದರೂ ಅದು ಒಂದು ಇಡೀ ರಾಜ್ಯಕ್ಕೆ ಬಿದ್ದ ಏಟು. ಹೀಗಾಗಿ ಪ್ರತಿ ಅಪ್‌ಡೇಟ್‌ಗೂ ಪಕ್ಷಪಾತದ ಆರೋಪ ಕೇಳಿಬರುತ್ತಿತ್ತು. ಆದರೆ ಮೂರು ಬಣ ಇದ್ದದ್ದರಿಂದ ಒಂದು ಅನುಕೂಲವೂ ಇತ್ತು: ಯಾರಾದರೂ ಅತಿಯಾಗಿ ಬಲಿತರೆ ಉಳಿದಿಬ್ಬರು ಅವರ ಮೇಲೆ ತಿರುಗಿಬೀಳಬಹುದಿತ್ತು. ಎರಡೇ ಬಣದ ಆಟದಲ್ಲಿ ಆ ದಾರಿ ಇಲ್ಲ.

2004ರ ನವೆಂಬರ್‌ನಲ್ಲಿ ಬಿಡುಗಡೆಯಾದ ವಾರ್‌ಕ್ರಾಫ್ಟ್ ಎರಡು ಬಣಗಳನ್ನೇ ಆರಿಸಿಕೊಂಡಿತು. ಒಟ್ಟು 9 ಕ್ಲಾಸ್, ಪ್ರತಿ ಬಣಕ್ಕೆ 8. ಪ್ಯಾಲಡಿನ್ ಅಲಯನ್ಸ್‌ಗೆ ಮಾತ್ರ, ಶಾಮನ್ (ಪ್ರಕೃತಿಶಕ್ತಿಗಳನ್ನು ಬಳಸುವ ಮಾಂತ್ರಿಕ) ಹೋರ್ಡ್‌ಗೆ ಮಾತ್ರ. ಕಾಗದದ ಮೇಲೆ ಸಮಪಾಲು. ಆದರೆ 40 ಜನರ ರೇಡ್‌ಗೆ ಕಾಲಿಟ್ಟ ಕೂಡಲೇ ಎರಡು ಬಣಗಳು ಆಡುತ್ತಿದ್ದದ್ದು ಎರಡು ಬೇರೆ ಆಟಗಳನ್ನೇ.

ಬಾಸ್ (ರೇಡ್‌ನ ದೊಡ್ಡ ಶತ್ರು) ಯಾರ ಮೇಲೆ ಎರಗಬೇಕು ಎನ್ನುವುದನ್ನು ಆಟ 'ಥ್ರೆಟ್' ಲೆಕ್ಕದಲ್ಲಿ ಇಟ್ಟುಕೊಳ್ಳುತ್ತದೆ. ತಂಡದ ಪರವಾಗಿ ಹೊಡೆತ ತಿನ್ನುವ ಟ್ಯಾಂಕ್‌ಗಿಂತ ಹೆಚ್ಚು ಥ್ರೆಟ್ ಗಳಿಸಿದವನ ಕಥೆ ಅಲ್ಲಿಗೆ ಮುಗಿಯಿತು. ಪ್ಯಾಲಡಿನ್ ಕೊಡುವ 'ಬ್ಲೆಸಿಂಗ್ ಆಫ್ ಸಾಲ್ವೇಶನ್' ಈ ಥ್ರೆಟ್ ಅನ್ನು 30% ಇಳಿಸುತ್ತಿತ್ತು, ಅದೂ ರೇಡ್‌ನಲ್ಲಿ ಬೇಕಾದ ಎಲ್ಲರಿಗೂ. ಅಲಯನ್ಸ್‌ನ ಮೇಜ್‌ಗಳು (ಮಂತ್ರವಾದಿಗಳು) ಕೈಬಿಚ್ಚಿ ಹೊಡೆಯುತ್ತಿದ್ದಾಗ ಹೋರ್ಡ್‌ನ ಮೇಜ್‌ಗಳು ಥ್ರೆಟ್ ಮೀಟರ್ ನೋಡುತ್ತಾ ಕೈ ತಡೆಯಬೇಕಾಗಿತ್ತು. ಶಾಮನ್ ಬಳಿ ಥ್ರೆಟ್ ಇಳಿಸುವ ಟೋಟೆಮ್ (ನೆಲದಲ್ಲಿ ನೆಡುವ ಮಾಂತ್ರಿಕ ಕಂಬ) ಒಂದಿತ್ತು ನಿಜ, ಆದರೆ ಅದರ ಪ್ರಯೋಜನ ತನ್ನ ಐದು ಜನರ ಗುಂಪಿಗೆ ಮಾತ್ರ. ಜೊತೆಗೆ ಅದು ಗಾಳಿಯ ಟೋಟೆಮ್. ವಾರಿಯರ್‌ಗಳಿಗೆ ಹೆಚ್ಚುವರಿ ಏಟು ಕೊಡುವ ಪ್ರಸಿದ್ಧ 'ವಿಂಡ್‌ಫ್ಯೂರಿ' ಕೂಡ ಗಾಳಿಯದೇ. ಒಬ್ಬ ಶಾಮನ್ ಒಮ್ಮೆಗೆ ಒಂದೇ ಗಾಳಿ ಟೋಟೆಮ್ ನೆಡಬಹುದು. ಹಾಗಾಗಿ ಹೋರ್ಡ್ ರೇಡ್‌ನ ನಾಯಕರು ಯಾವ ಗುಂಪಿಗೆ ಯಾವ ಶಾಮನ್ ಎಂದು ಲೆಕ್ಕ ಹಾಕುವುದರಲ್ಲೇ ಸಂಜೆ ಕಳೆಯುತ್ತಿದ್ದರು. ಆದರೆ ಸರಿಯಾಗಿ ಹೊಂದಿತೆಂದರೆ ವಿಂಡ್‌ಫ್ಯೂರಿ ಕೆಳಗಿನ ವಾರಿಯರ್‌ಗಳನ್ನು ಹಿಡಿಯುವವರೇ ಇರಲಿಲ್ಲ.

ಜನಾಂಗದ ಶಕ್ತಿಗಳು ಇದರ ಮೇಲೆ ಇನ್ನೊಂದು ಪದರ. ಓನಿಕ್ಸಿಯಾ ಎಂಬ ಡ್ರ್ಯಾಗನ್ ಕೊನೆಯ ಹಂತದಲ್ಲಿ ಗರ್ಜಿಸಿದಾಗ ಟ್ಯಾಂಕ್ ಹೆದರಿ ಓಡುತ್ತಾನೆ, ಡ್ರ್ಯಾಗನ್ ಮೂತಿ ಉಳಿದವರ ಕಡೆ ತಿರುಗುತ್ತದೆ, ಬೆಂಕಿಗೆ ಹತ್ತಾರು ಜನ ಬಲಿ. ಅಲಯನ್ಸ್‌ನ ಡ್ವಾರ್ಫ್ ಪ್ರೀಸ್ಟ್‌ಗೆ ಮಾತ್ರ ಇದ್ದ 'ಫಿಯರ್ ವಾರ್ಡ್' ಆ ಭಯವನ್ನು ಮೊದಲೇ ತಡೆಯುತ್ತಿತ್ತು. ಅದಕ್ಕೆಂದೇ ಗಿಲ್ಡ್‌ಗಳು (ಆಟಗಾರರ ಸಂಘಗಳು) ಡ್ವಾರ್ಫ್ ಪ್ರೀಸ್ಟ್‌ಗಳನ್ನು ಹುಡುಕುತ್ತಿದ್ದವು, ಚೆಲುವಿಗಾಗಿ ನೈಟ್ ಎಲ್ಫ್ ಆರಿಸಿಕೊಂಡ ಪ್ರೀಸ್ಟ್‌ಗೆ ಎರಡನೇ ಮಣೆ. ಹೋರ್ಡ್‌ನಲ್ಲಿ ಟ್ರೆಮರ್ ಟೋಟೆಮ್ ಇತ್ತು, ಆದರೆ ಅದು ಭಯ ಹಿಡಿದ ಮೇಲೆ ಬಿಡಿಸುವ ಸಾಧನ.

ಎರಡೂ ಬಣಗಳಿಗೆ ಸರಿಹೊಂದುವ ಬಾಸ್ ರೂಪಿಸುವುದು ಹೀಗೆ ಕಷ್ಟವಾಗುತ್ತಾ ಹೋಯಿತು. 2007ರ ಜನವರಿಯಲ್ಲಿ ಬಂದ ಬರ್ನಿಂಗ್ ಕ್ರುಸೇಡ್ ಎಂಬ ವಿಸ್ತರಣೆಯಲ್ಲಿ ಹೋರ್ಡ್‌ಗೆ ಬ್ಲಡ್ ಎಲ್ಫ್ ಎಂಬ ಹೊಸ ಜನಾಂಗದ ಮೂಲಕ ಪ್ಯಾಲಡಿನ್, ಅಲಯನ್ಸ್‌ಗೆ ಡ್ರೆನೈ ಎಂಬ ಹೊಸ ಜನಾಂಗದ ಮೂಲಕ ಶಾಮನ್ ದೊರೆತರು. ಬಣದ ಗುರುತೇ ಹೋಯಿತು ಎಂದು ಹಳಬರು ಸಿಟ್ಟಾದರು. ಅವರ ನೋವು ಸುಳ್ಳಲ್ಲ: ಶಾಮನ್ ಕಂಡರೆ ಅವನು ಹೋರ್ಡ್ ಎಂದು ದೂರದಿಂದಲೇ ಗೊತ್ತಾಗುತ್ತಿದ್ದ ಕಾಲಕ್ಕೆ ಒಂದು ಸೊಗಸಿತ್ತು. ಆದರೂ ಆ ನಿರ್ಧಾರ ಸರಿ ಎಂದೇ ನನ್ನ ಅಭಿಪ್ರಾಯ. ಪಾತ್ರ ಸೃಷ್ಟಿಸುವ ಮೊದಲ ಐದು ನಿಮಿಷದಲ್ಲಿ ಮಾಡಿದ ಆಯ್ಕೆಗೆ ವರ್ಷಗಟ್ಟಲೆ ದಂಡ ಕಟ್ಟುವುದು ನ್ಯಾಯವಲ್ಲ.

ಕ್ಲಾಸ್ ಹಂಚಿಕೊಂಡ ಮೇಲೂ ಜನಾಂಗದ ಶಕ್ತಿಗಳು ಹಾಗೇ ಉಳಿದವು, ಜಗಳ ಅತ್ತ ಸರಿಯಿತು. 2008ರಲ್ಲಿ ಮನುಷ್ಯ ಜನಾಂಗಕ್ಕೆ ಸಿಕ್ಕ ಶಕ್ತಿಯೊಂದು ಮರಗಟ್ಟಿಸುವ ಮಂತ್ರಗಳಿಂದ ಅವರನ್ನು ಬಿಡಿಸುತ್ತಿತ್ತು. ಅರೀನಾದಲ್ಲಿ (ಸಣ್ಣ ತಂಡಗಳು ಪರಸ್ಪರ ಕಾದಾಡುವ ಕಣ) ಉಳಿದವರು ಆ ಕೆಲಸಕ್ಕೆ ಒಂದು ಟ್ರಿಂಕೆಟ್ (ಧರಿಸುವ ಮಾಂತ್ರಿಕ ವಸ್ತು) ಮೀಸಲಿಡಬೇಕು, ಮನುಷ್ಯರಿಗೆ ಆ ಜಾಗ ಖಾಲಿ. 2009ರಲ್ಲಿ ದುಡ್ಡು ಕೊಟ್ಟು ಬಣ ಬದಲಿಸುವ ಸೌಲಭ್ಯ ಬಂದ ಮೇಲೆ ಇಂಥ ಸಣ್ಣ ಲಾಭಗಳೂ ವಲಸೆಗೆ ಕಾರಣವಾದವು. ಅರೀನಾ ಆಟಗಾರರು ಅಲಯನ್ಸ್ ಕಡೆ ಹೊರಟರೆ ಮುಂದಿನ ವರ್ಷಗಳಲ್ಲಿ ರೇಡ್ ಆಟಗಾರರು ಹೋರ್ಡ್ ಕಡೆ ಹರಿದರು. ಒಳ್ಳೆಯ ಗಿಲ್ಡ್ ಹೋದಲ್ಲಿಗೆ ಒಳ್ಳೆಯ ಆಟಗಾರ ಹೋಗುತ್ತಾನೆ, ಅವನ ಹಿಂದೆ ಮತ್ತೊಂದು ಗಿಲ್ಡ್. ಒಂದು ಹಂತದ ನಂತರ ಜನಾಂಗದ ಶಕ್ತಿಗಳನ್ನು ಸರಿದೂಗಿಸಿದರೂ ಪ್ರಯೋಜನವಿರಲಿಲ್ಲ, ಏಕೆಂದರೆ ಜನ ಅಲ್ಲಿರುವುದೇ ಅಲ್ಲಿಗೆ ಹೋಗಲು ಕಾರಣವಾಗಿತ್ತು.

ಆಟ ತಯಾರಿಸಿದ ಬ್ಲಿಝಾರ್ಡ್ ಕಂಪನಿ ತೇಪೆ ಹಾಕುತ್ತಲೇ ಬಂತು. 2015ರಲ್ಲಿ ಎದುರು ಬಣದ ವೇಷದಲ್ಲಿ ಕಾದಾಡುವ ಮರ್ಸಿನರಿ ಮೋಡ್. 2018ರಲ್ಲಿ ಎದುರು ಬಣದವರ ಜೊತೆ ಕಾದಾಟಕ್ಕೆ ತಾವೇ ಒಪ್ಪಿಕೊಳ್ಳುವ ವಾರ್ ಮೋಡ್, ಜನ ಕಡಿಮೆ ಇದ್ದ ಬಣಕ್ಕೆ ಅದರಲ್ಲಿ ಹೆಚ್ಚುವರಿ ಬಹುಮಾನ. ಅದೇ 2018ರಲ್ಲಿ ಕಥೆಯು ಬಣದ ಯುದ್ಧವನ್ನು ಹಿಂದೆಂದೂ ಇಲ್ಲದಷ್ಟು ಹೊತ್ತಿಸಿತು. ಹೋರ್ಡ್‌ನ ನಾಯಕಿ ಸಿಲ್ವಾನಸ್ ಟೆಲ್ಡ್ರಾಸಿಲ್ ಎಂಬ ಮರದ ನಗರಕ್ಕೆ ಬೆಂಕಿಯಿಡಿಸಿದಳು. ತಮ್ಮ ಬಣವನ್ನು ಮನಸಾರೆ ಪ್ರೀತಿಸಿದ್ದ ಹೋರ್ಡ್ ಆಟಗಾರರು ಕೇಳದೆಯೇ ಆ ಪಾಪದ ಪಾಲುದಾರರಾದರು. ಬಣನಿಷ್ಠೆಯನ್ನು ಕಥೆ ಇಷ್ಟು ದುಬಾರಿ ಮಾಡಿದ ಹೊತ್ತಿನಲ್ಲೇ, ಬೇರೆ ಬಣದಲ್ಲಿದ್ದ ಗೆಳೆಯನ ಜೊತೆ ಒಂದು ಡಂಜನ್‌ಗೂ ಹೋಗಲಾಗದ ಸಂಕಟ ಆಟಗಾರರಿಗಿತ್ತು.

2019ರಲ್ಲಿ ಹಳೆಯ ಆಟವನ್ನೇ ಕ್ಲಾಸಿಕ್ ಎಂಬ ಹೆಸರಲ್ಲಿ ಮತ್ತೆ ತೆರೆದಾಗ ಈ ಚರಿತ್ರೆ ವೇಗವಾಗಿ ಮರುಕಳಿಸಿತು. ಈ ಸಲ ಎಲ್ಲರಿಗೂ ಮೊದಲೇ ಲೆಕ್ಕ ಗೊತ್ತಿತ್ತು. ಹಲವು ಸರ್ವರ್‌ಗಳು ಕ್ರಮೇಣ ಹೆಚ್ಚೂಕಡಿಮೆ ಒಂದೇ ಬಣದ ಊರುಗಳಾದವು. 2021ರಲ್ಲಿ ಕ್ಲಾಸಿಕ್‌ನ ಬರ್ನಿಂಗ್ ಕ್ರುಸೇಡ್‌ನಲ್ಲಿ ಯುದ್ಧಭೂಮಿಗೆ ಹೋಗಲು ಹೋರ್ಡ್‌ನವರ ಸರದಿ ಎಷ್ಟು ಉದ್ದವಾಯಿತೆಂದರೆ, ಹೋರ್ಡ್ ವಿರುದ್ಧ ಹೋರ್ಡ್ ಹೋರಾಡುವ ಪ್ರಯೋಗವನ್ನೇ ಮಾಡಬೇಕಾಯಿತು.

ಇದಾದ ಮರುವರ್ಷವೇ ಮುಖ್ಯ ಆಟದಲ್ಲಿ ಗೋಡೆ ಒಡೆಯಿತು. 2023ರ ಮೇ ತಿಂಗಳಲ್ಲಿ ಎರಡೂ ಬಣದವರಿರುವ ಗಿಲ್ಡ್‌ಗಳಿಗೂ ಅನುಮತಿ ಸಿಕ್ಕಿತು. ಇಂಥದೇ ಇನ್ನೊಂದು ಆಟ ಎಲ್ಡರ್ ಸ್ಕ್ರೋಲ್ಸ್ ಆನ್‌ಲೈನ್ 2016ರಲ್ಲೇ ತನ್ನ ಮೂರು ಮೈತ್ರಿಕೂಟಗಳ ನೆಲವನ್ನು ಎಲ್ಲರಿಗೂ ತೆರೆದಿತ್ತು. ಅಲ್ಲಿ ಕ್ಲಾಸ್‌ಗಳನ್ನು ಬಣಕ್ಕೆ ಕಟ್ಟಿರಲೇ ಇಲ್ಲ, ಬಿಚ್ಚಬೇಕಾದ ಗಂಟೂ ಕಡಿಮೆ.

ಕ್ಲಾಸ್‌ಗಳ ಜಗಳ ಮಾತ್ರ ಮುಗಿದಿಲ್ಲ. 2023ರ ಜುಲೈನಲ್ಲಿ ವಾರ್‌ಕ್ರಾಫ್ಟ್‌ನ ಇವೋಕರ್ ಎಂಬ ಕ್ಲಾಸ್‌ಗೆ ಆಗ್ಮೆಂಟೇಶನ್ ಎಂಬ ಹೊಸ ಪರಿಣತಿ ಬಂತು. ತಾನು ಹೊಡೆಯುವುದಕ್ಕಿಂತ ಜೊತೆಗಾರರ ಏಟಿಗೆ ಬಲ ತುಂಬುವುದೇ ಅದರ ಮುಖ್ಯ ಕೆಲಸ, ಹಳೆಯ ವಿಂಡ್‌ಫ್ಯೂರಿ ಶಾಮನ್‌ನ ಹಾಗೆ. ದೊಡ್ಡ ಮಟ್ಟದ ಡಂಜನ್ ತಂಡಗಳಲ್ಲಿ ಅದಿಲ್ಲದೆ ಆಗದು ಎಂಬ ಸ್ಥಿತಿ ಬಂದು, ಮತ್ತೆ ಅದೇ ವಾದ, ಅದೇ ದೂರು. ಆದರೆ ಇವೋಕರ್ ಆಗುವ ಡ್ರ್ಯಾಕ್ಥೈರ್ ಜನಾಂಗ ಎರಡೂ ಬಣದಲ್ಲಿದೆ, ತಂಡಕ್ಕೊಬ್ಬ ಬೇಕಾದರೆ ಯಾವ ಕಡೆಯಿಂದಲಾದರೂ ಕರೆಯಬಹುದು. ಹೋರ್ಡ್‌ಗೆ ಹೆಚ್ಚು ಕೊಟ್ಟರು, ಅಲಯನ್ಸ್‌ಗೆ ಮೋಸವಾಯಿತು ಎಂಬ ಮಾತು ಆ ಚರ್ಚೆಗೆ ಬೇಕಾಗಲಿಲ್ಲ.